ನೀನು ಒಣಗಿದ್ದೀಯ, ಸುಟ್ಟಿಲ್ಲ

ಪ್ರೀತಿಯ ಮಗನೇ,

ನಿನ್ನ ಮೆಸೇಜು ಮೂರು ಸಲ ಓದಿದೆ. "ದೊಡ್ಡಪ್ಪ, ನಾನು ಬಿರುಕು ಬಿಟ್ಟ ಮಡಕೆ, ದೇವರಿಗೆ ನನ್ನಿಂದೇನು ಉಪಯೋಗ" ಅಂತ ಬರೆದಿದ್ದೀಯ. ಎಂಟು ತಿಂಗಳು ಕುಡಿಯದೆ ಇದ್ದು ನೀನು ಒಂದು ರಾತ್ರಿ ಜಾರಿದೆ, ಅಂದಿನಿಂದ ಚರ್ಚಿಗೂ ಹೋಗಿಲ್ಲ. ಜಾರಿದ್ದಕ್ಕಿಂತ ಚರ್ಚು ಬಿಟ್ಟಿದ್ದೇ ನನಗೆ ಜಾಸ್ತಿ ಚಿಂತೆ.

ಮಡಕೆಯ ಮಾತು ನೀನೇ ಎತ್ತಿದೆಯಲ್ಲ, ಅದನ್ನೇ ಹಿಡಿಯುತ್ತೇನೆ. ನಿವೃತ್ತಿಯಾದ ಮೇಲೆ ಸುಮ್ನೆ ಕೂರಲಾರದೆ ಕುಂಬಾರಿಕೆ ಕಲಿಯಲು ಹೋಗಿದ್ದೆ, ನಿನ್ನ ದೊಡ್ಡಮ್ಮ ಅದಕ್ಕೆ ಇನ್ನೂ ನಗುತ್ತಾಳೆ. ತಿಗರಿಯ ನಟ್ಟನಡುವೆ ಮಣ್ಣು ನಿಲ್ಲಿಸುವುದಕ್ಕೇ ನನಗೆ ಮೂರು ವಾರ ಬೇಕಾಯಿತು. ಚೂರು ಆಚೀಚೆಯಾದರೂ ಪಾತ್ರೆ ಓಲಾಡುತ್ತದೆ, ಮೇಲೆ ಎತ್ತುತ್ತಿದ್ದ ಹಾಗೇ ಕುಸಿಯುತ್ತದೆ. ಕುಸಿದದ್ದನ್ನು ಯಾರೂ ಎಸೆಯುವುದಿಲ್ಲ. ನೀರಿಳಿಯಲು ಸ್ವಲ್ಪ ಹೊತ್ತು ಬಿಟ್ಟು, ಒಳಗಿನ ಗಾಳಿ ಹೋಗುವ ತನಕ ನಾದಿ, ಮತ್ತೆ ತಿಗರಿಗೆ ಹಾಕುತ್ತಾರೆ. ಬೈಬಲಿನ ಪ್ರವಾದಿ ಯೆರೆಮೀಯ ಕುಂಬಾರನ ಮನೆಯಲ್ಲಿ ನೋಡಿದ್ದೂ ಇದನ್ನೇ, ಅವನ ಪುಸ್ತಕದ 18ನೇ ಅಧ್ಯಾಯದಲ್ಲಿದೆ. ಪಾತ್ರೆ ಕೆಟ್ಟಿತು, ಅದೇ ಮಣ್ಣಿನಲ್ಲಿ ಅವನು ಬೇರೊಂದು ಮಾಡಿದ. ಕೆಟ್ಟಿದ್ದು ಎಲ್ಲಿ ಹೇಳು? ಕುಂಬಾರನ ಕೈಯಲ್ಲಿದ್ದಾಗಲೇ.

ಮುಂದಿನ ಅಧ್ಯಾಯದಲ್ಲಿ ಇನ್ನೊಂದು ಮಡಕೆ ಬರುತ್ತದೆ, ಅದನ್ನು ಚರ್ಚಿನ ಪ್ರಸಂಗಗಳಲ್ಲಿ ಯಾಕೋ ಕಡಿಮೆ ಹೇಳುತ್ತಾರೆ. ಅದು ಆವಿಗೆಯಲ್ಲಿ ಸುಟ್ಟು ಗಟ್ಟಿಯಾದದ್ದು. ಅದನ್ನು ಪ್ರವಾದಿ ಜನರ ಎದುರಿಗೇ ಒಡೆಯುತ್ತಾನೆ, ಇನ್ನು ಸರಿಮಾಡಲಾಗದು ಅನ್ನುತ್ತಾನೆ. ಸುಮಾರು 600 ಡಿಗ್ರಿ ದಾಟಿದರೆ ಮಣ್ಣಿನ ಒಳಗೇ ಕೂಡಿಕೊಂಡಿರುವ ನೀರೂ ಹೊರಟುಹೋಗುತ್ತದೆ, ಆಮೇಲೆ ವರ್ಷಗಟ್ಟಲೆ ನೆನೆಸಿಟ್ಟರೂ ಅದು ಜೇಡಿಮಣ್ಣಾಗುವುದಿಲ್ಲ. ಸುಡದೆ ಬರೀ ಒಣಗಿದ ಪಾತ್ರೆ ಹಾಗಲ್ಲ. ನೋಡಲು ಕಲ್ಲಿನ ಹಾಗಿರುತ್ತದೆ, ನೀರಿಗೆ ಹಾಕಿದರೆ ತಾನಾಗಿಯೇ ಪುಡಿಪುಡಿಯಾಗಿ ಕರಗುತ್ತದೆ. ತಮಾಷೆ ಅಂದರೆ, ಅರ್ಧ ಒಣಗಿದ್ದಕ್ಕಿಂತ ಪೂರ್ತಿ ಒಣಗಿದ್ದೇ ಬೇಗ ಕರಗುವುದು! ಮೊದಲ ಸಲ ಬಕೆಟ್ಟಿನಲ್ಲಿ ಅದನ್ನು ನೋಡಿದಾಗ ನನ್ನ ಎಷ್ಟೋ ಒಣ ವರ್ಷಗಳು ನೆನಪಾದವು, ಬಾಯಲ್ಲಿ ಪ್ರಾರ್ಥನೆ ಇದ್ದು ಒಳಗೆ ಏನೂ ಇಲ್ಲದ ವರ್ಷಗಳು.

ನೀನು ಈಗ ಇರುವುದು ಹಾಗೆ. ಒಣಗಿದ್ದೀಯ, ಸುಟ್ಟಿಲ್ಲ. "ನಾನು ಇಷ್ಟೇ, ಇನ್ನು ಬದಲಾಗಲ್ಲ" ಅಂತ ನಾಚಿಕೆಯಲ್ಲಿ ತೀರ್ಮಾನ ಮಾಡಿಕೊಂಡು ಕೂರುತ್ತೀಯಲ್ಲ, ಆ ತೀರ್ಮಾನವೇ ಆವಿಗೆ.

ಬೈಬಲಿನಲ್ಲಿ ಅಪೊಸ್ತಲ ಪೌಲ ತನ್ನನ್ನೂ ಸೇರಿಸಿಕೊಂಡೇ ನಾವು ಮಣ್ಣಿನ ಪಾತ್ರೆಗಳು ಅಂದದ್ದು. ಅವನಿಗೂ ಒಂದು ಮುಳ್ಳಿತ್ತು, ಬಿಡದೆ ಕಾಡುವ ಒಂದು ಬಾಧೆ. ತೆಗೆ ಅಂತ ಮೂರು ಸಲ ಬೇಡಿಕೊಂಡ, ದೇವರು ತೆಗೆಯಲಿಲ್ಲ, ನನ್ನ ಕೃಪೆ ಸಾಕು ಅಂದ. ಇದನ್ನು ಹೇಳಿ ನಿನ್ನ ಬಾಯಿ ಮುಚ್ಚಿಸುತ್ತಿಲ್ಲ. ದೇವರು ನಿನ್ನನ್ನು ಬೆಂಕಿಗೆ ಹಾಕಿ ಪಕ್ವ ಮಾಡುತ್ತಿದ್ದಾನೆ ಅಂತ ಯಾರಾದರೂ ಉಪದೇಶ ಮಾಡಿದರೆ ತಲೆಯಾಡಿಸಿ ಎದ್ದು ಬಾ. ನನಗೆ ಆ ಮಾತು ಸೇರುವುದಿಲ್ಲ, ನೋವಲ್ಲಿರುವವನಿಗಂತೂ ಹೇಳಲೇಬಾರದು. ಡಾಕ್ಟರ ಹತ್ತಿರ ಹೋಗುವುದನ್ನೂ ಬಿಡಬೇಡ, ಅದೇನು ನಂಬಿಕೆ ಕಡಿಮೆಯಾಯಿತು ಅಂತಲ್ಲ.

ಇನ್ನೊಂದು ಮಾತು. ಸುಟ್ಟು ಒಡೆದ ಮಡಕೆಯ ಬೋಕಿಯನ್ನೂ ಕುಂಬಾರರು ಪುಡಿ ಮಾಡಿ ಹೊಸ ಮಣ್ಣಿಗೆ ಬೆರೆಸುವುದುಂಟು. ಹೊಸ ಪಾತ್ರೆ ಒಣಗುವಾಗ ಸೀಳುವುದು ಅದರಿಂದ ಕಡಿಮೆಯಾಗುತ್ತದೆ. ಕುಡಿತ ಬಿಡಲು ಒದ್ದಾಡುವ ಹುಡುಗ ನಾಳೆ ನಿನ್ನ ಪಕ್ಕ ಕೂತರೆ, ಒಂದು ಸಲವೂ ಜಾರದ ನನ್ನಂಥವನಿಗಿಂತ ನಿನ್ನ ಮಾತೇ ಅವನಿಗೆ ತಾಗುವುದು, ಅಲ್ವಾ?

ಮಣ್ಣಿಗೆ ಬಾಯಿಲ್ಲ, ನಿನಗಿದೆ. ಪ್ರಾರ್ಥನೆಗೆ ಮಾತು ಬರದಿದ್ದರೆ ಬೈಬಲಿನಲ್ಲಿ ಯೋಬನ ಪುಸ್ತಕದ 10ನೇ ಅಧ್ಯಾಯ ಜೋರಾಗಿ ಓದು. ಮಣ್ಣಿನಿಂದ ಮಾಡಿದವನೇ ನನ್ನನ್ನು ಮತ್ತೆ ಧೂಳು ಮಾಡುತ್ತೀಯಾ ಅಂತ ನೊಂದ ಯೋಬ ನೇರವಾಗಿ ದೇವರನ್ನೇ ಕೇಳುತ್ತಾನೆ. ಓದಿ ಮುಗಿಸಿ ನನಗೆ ಫೋನ್ ಮಾಡು, ಎಷ್ಟು ರಾತ್ರಿಯಾದರೂ ಪರವಾಗಿಲ್ಲ, ಎದ್ದೇ ಇರುತ್ತೇನೆ.

ನಿನ್ನ ದೊಡ್ಡಪ್ಪ