ಹಾಡೇ ಹಕ್ಕುಪತ್ರವಾಗಿದ್ದ ನೆಲ: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಮುಂದಿನ ತಿಂಗಳು ನೀನು ಕೆನಡಾದ ಪೌರತ್ವದ ಪ್ರಮಾಣವಚನ ಸ್ವೀಕರಿಸಲಿದ್ದೀಯೆ ಎಂದು ತಿಳಿದು ಸಂತೋಷವಾಯಿತು. ಆ ವಚನಕ್ಕೆ 2021ರಲ್ಲಿ ಹೊಸ ಮಾತೊಂದು ಸೇರಿದೆ. ಅಲ್ಲಿನ ಮೂಲನಿವಾಸಿಗಳಾದ ಫಸ್ಟ್ ನೇಷನ್ಸ್, ಇನುಯಿಟ್ ಮತ್ತು ಮೇಟಿ ಜನರ ಹಕ್ಕುಗಳನ್ನೂ ಅವರೊಂದಿಗಿನ ಒಪ್ಪಂದಗಳಿಂದ ಬಂದ ಹಕ್ಕುಗಳನ್ನೂ ಸಂವಿಧಾನವು ಮಾನ್ಯ ಮಾಡಿದೆ ಎಂಬುದನ್ನು ನೀನು ನಿನ್ನ ಬಾಯಿಂದಲೇ ಹೇಳಬೇಕು. ಹೇಳುವ ಮುನ್ನ ಆ ಹಕ್ಕುಗಳ ಹಿಂದಿನ ಕಥೆಯನ್ನು ನೀನು ತಿಳಿದಿರಬೇಕೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ. ಇತಿಹಾಸ ಪಾಠ ಮಾಡಿ ನಿವೃತ್ತಳಾದವಳ ಅಭ್ಯಾಸವೆಂದುಕೊಂಡು ಪೂರ್ತಿ ಓದು.

ಕಳೆದ ಬೇಸಿಗೆಯಲ್ಲಿ ನಾವಿಬ್ಬರೂ ಕೆನಡಾದ ಪಶ್ಚಿಮ ಕರಾವಳಿಯ ದ್ವೀಪವೊಂದರಲ್ಲಿರುವ ಅಲರ್ಟ್ ಬೇ ಊರಿನ ಉಮಿಸ್ತಾ ಸಾಂಸ್ಕೃತಿಕ ಕೇಂದ್ರದಲ್ಲಿ ನೋಡಿದ ಮುಖವಾಡಗಳು ನಿನಗೆ ನೆನಪಿರಬಹುದು. ದೇವದಾರು ಮರದಲ್ಲಿ ಕೆತ್ತಿ ಬಣ್ಣ ಬಳಿದ ಅವುಗಳ ಪೈಕಿ ಕೆಲವು, ನರ್ತಕನು ದಾರ ಎಳೆದೊಡನೆ ತೆರೆದುಕೊಂಡು, ಪ್ರಾಣಿಯ ಮುಖದೊಳಗಿಂದ ಮನುಷ್ಯನ ಮುಖವನ್ನು ತೋರಿಸುವಂಥವು. ಆ ಕರಾವಳಿಯ ಕ್ವಾಕ್ವಕವಾಕ್ ಜನರು ಪಾಟ್‌ಲ್ಯಾಚ್ ಎಂಬ ಸಮಾರಂಭದಲ್ಲಿ ಅವುಗಳನ್ನು ಧರಿಸುತ್ತಾರೆ. ಯಾರಿಗೆ ಯಾವ ಹೆಸರು ಸಲ್ಲಬೇಕು, ಯಾವ ಮನೆತನಕ್ಕೆ ಯಾವ ಹಾಡು ಮತ್ತು ಕುಣಿತದ ಹಕ್ಕಿದೆ, ತೀರಿಕೊಂಡ ಮುಖಂಡನ ಸ್ಥಾನಕ್ಕೆ ಯಾರು ಬರಬೇಕು ಎಂಬುದೆಲ್ಲವೂ ಅಲ್ಲಿ ಎಲ್ಲರೆದುರು ಪ್ರಕಟವಾಗುತ್ತದೆ. ಕರೆದ ಮುಖಂಡನು ಅತಿಥಿಗಳಿಗೆ ಕೈತುಂಬ ಉಡುಗೊರೆ ಕೊಡುತ್ತಾನೆ. ಅದನ್ನು ಪಡೆದವರು ಅಂದು ನಡೆದುದಕ್ಕೆ ಸಾಕ್ಷಿಗಳಾಗುತ್ತಾರೆ. ನಮ್ಮೂರಿನಲ್ಲಿ ತೋಟದ ಪಹಣಿ, ಮದುವೆಯ ನೋಂದಣಿ, ಮನೆತನದ ವಂಶವೃಕ್ಷ ಇಷ್ಟನ್ನೂ ಒಂದೇ ಕಡೆ ಜನರ ಮುಂದೆ ಓದಿ ಹೇಳಿ ಒಪ್ಪಿಗೆ ಪಡೆದರೆ ಹೇಗಿರುತ್ತದೋ ಹಾಗೆ. ಅವರಿಗೆ ಅದೇ ಶಾಸನಸಭೆ, ಅದೇ ನ್ಯಾಯಾಲಯ, ಅದೇ ಕಲೆ.

ಈ ಸಮಾರಂಭವನ್ನು ಕೆನಡಾ ಸರ್ಕಾರವು 1885ರಿಂದ ಅಪರಾಧವನ್ನಾಗಿ ಮಾಡಿತು. 1921ರ ಡಿಸೆಂಬರ್‌ನಲ್ಲಿ ಡ್ಯಾನ್ ಕ್ರಾನ್ಮರ್ ಎಂಬ ಮುಖಂಡರು ವಿಲೇಜ್ ಐಲೆಂಡ್‌ನಲ್ಲಿ ದೊಡ್ಡ ಪಾಟ್‌ಲ್ಯಾಚ್ ನಡೆಸಿದಾಗ 45 ಜನರ ಮೇಲೆ ಮೊಕದ್ದಮೆ ಹೂಡಲಾಯಿತು. ಭಾಷಣ ಮಾಡಿದ್ದು, ಕುಣಿದದ್ದು, ಉಡುಗೊರೆ ಹೊತ್ತು ತಂದದ್ದು ಅವರ ಮೇಲಿನ ಆರೋಪಗಳು. ನಿಮ್ಮ ಮುಖವಾಡ, ತಾಮ್ರದ ಫಲಕಗಳನ್ನೆಲ್ಲ ಒಪ್ಪಿಸಿದರೆ ಸೆರೆವಾಸ ತಪ್ಪುತ್ತದೆ ಎಂಬ ಷರತ್ತನ್ನು ಅವರ ಮುಂದಿಟ್ಟರು. ಕಡೆಗೆ 20 ಮಂದಿ ಗಂಡಸರು, ಹೆಂಗಸರು ಬರ್ನಬಿಯ ಓಕಲಾ ಸೆರೆಮನೆಗೆ ಹೋದರು. ನಿನ್ನ ಮನೆಯಿಂದ ನಾವು ಸಂಜೆ ನಡೆದುಹೋಗುತ್ತಿದ್ದ ಡೀರ್ ಲೇಕ್‌ನ ಪಕ್ಕದಲ್ಲೇ ಆ ಸೆರೆಮನೆಯಿತ್ತು, ಮಗಳೇ. 1991ರಲ್ಲಿ ಅದನ್ನು ಮುಚ್ಚಿದರು. ಒಪ್ಪಿಸಿದ ವಸ್ತುಗಳನ್ನು ಸರ್ಕಾರದ ಅಧಿಕಾರಿಯು ಅಲರ್ಟ್ ಬೇಯ ಚರ್ಚಿನ ಸಭಾಂಗಣದಲ್ಲಿ ಬೆಂಚುಗಳ ಮೇಲೆ ಹರಡಿ, ಪ್ರವೇಶಧನ ವಸೂಲಿ ಮಾಡಿ ಪ್ರದರ್ಶಿಸಿದ. ಆಮೇಲೆ ಕೆಲವನ್ನು ನ್ಯೂಯಾರ್ಕಿನ ಸಂಗ್ರಾಹಕನೊಬ್ಬನಿಗೆ ಮಾರಿ, ಉಳಿದವನ್ನು ಒಟ್ಟಾವಾಕ್ಕೆ ಕಳುಹಿಸಿದ. ಒಂದು ಜನಾಂಗದ ಆಡಳಿತದ ಕಡತಗಳು ಹೀಗೆ ವಸ್ತುಸಂಗ್ರಹಾಲಯದ ಸರಕಾದವು.

ಅದೇ ವರ್ಷಗಳಲ್ಲಿ ಮಕ್ಕಳ ಸರದಿಯೂ ಬಂತು. ಆಗ ಇಂಡಿಯನ್ ವ್ಯವಹಾರಗಳ (ಅಲ್ಲಿನ ಕಾನೂನು ಮೂಲನಿವಾಸಿಗಳನ್ನು ‘ಇಂಡಿಯನ್’ ಎಂದೇ ಕರೆಯುತ್ತದೆ) ಇಲಾಖೆಯ ಮುಖ್ಯಸ್ಥನಾಗಿದ್ದ ಡಂಕನ್ ಕ್ಯಾಂಪ್‌ಬೆಲ್ ಸ್ಕಾಟ್‌ನ ಕಾಲದಲ್ಲಿಯೇ, ಇಂಡಿಯನ್ ಕಾಯ್ದೆಗೆ ಮಾಡಿದ 1920ರ ತಿದ್ದುಪಡಿಯ ಮೂಲಕ, ಮೂಲನಿವಾಸಿ ಮಕ್ಕಳನ್ನು ಶಾಲೆಗೆ ಬಲವಂತವಾಗಿ ಸೇರಿಸುವ ಅಧಿಕಾರ ಸರ್ಕಾರಕ್ಕೆ ದೊರೆಯಿತು. ಅಲರ್ಟ್ ಬೇಯಲ್ಲಿ 1929ರಲ್ಲಿ ತೆರೆದ ಸೇಂಟ್ ಮೈಕೇಲ್ಸ್ ವಸತಿ ಶಾಲೆಯನ್ನು ಆಂಗ್ಲಿಕನ್ ಚರ್ಚ್ ನಡೆಸುತ್ತಿತ್ತು. ತಮ್ಮ ಕ್ವಾಕ್ವಾಲಾ ಭಾಷೆಯಾಡಿದ ಮಕ್ಕಳಿಗೆ ಅಲ್ಲಿ ಶಿಕ್ಷೆಯಾಗುತ್ತಿತ್ತು. ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ: ಆ ಜನರ ದೊಡ್ಡ ಆಚರಣೆಗಳೆಲ್ಲ ಚಳಿಗಾಲದವು, ಮಕ್ಕಳು ಶಾಲೆಯೊಳಗಿರುತ್ತಿದ್ದುದೂ ಚಳಿಗಾಲದಲ್ಲಿಯೇ. ಕಾನೂನಿಗೆ ಹೆದರದೆ ಹಿರಿಯರು ದೂರದ ಹಳ್ಳಿಗಳಲ್ಲಿ ಗುಟ್ಟಾಗಿ ಪಾಟ್‌ಲ್ಯಾಚ್ ನಡೆಸಿದರೂ ಅದನ್ನು ಕಂಡು ಕಲಿಯಬೇಕಾದ ಮಕ್ಕಳು ಅಲ್ಲಿರಲಿಲ್ಲ.

ದೇಶದಾದ್ಯಂತ ಸುಮಾರು 1,50,000 ಮಕ್ಕಳು ಇಂಥ ಶಾಲೆಗಳನ್ನು ಹಾದುಹೋದರು. ಅಲ್ಲಿಯೇ ತೀರಿಕೊಂಡವರಲ್ಲಿ ಈವರೆಗೆ ಗುರುತಿಸಲಾದ ಮಕ್ಕಳೇ ನಾಲ್ಕು ಸಾವಿರಕ್ಕೂ ಹೆಚ್ಚು. ಅನಿಶಿನಾಬೆ ಎಂಬ ಮೂಲನಿವಾಸಿ ಸಮುದಾಯದ ನ್ಯಾಯಾಧೀಶ ಮರ್ರೇ ಸಿಂಕ್ಲೇರ್ ಅವರ ಅಧ್ಯಕ್ಷತೆಯಲ್ಲಿ ಈ ಶಾಲೆಗಳ ಬಗ್ಗೆ ವಿಚಾರಣೆ ನಡೆಸಿದ ಸತ್ಯ ಮತ್ತು ಸಾಮರಸ್ಯ ಆಯೋಗವು 2015ರಲ್ಲಿ ಇದನ್ನು ಸಾಂಸ್ಕೃತಿಕ ನರಮೇಧವೆಂದು ಕರೆದು 94 ಶಿಫಾರಸುಗಳನ್ನು ಮಾಡಿತು. ನೀನು ಉಚ್ಚರಿಸಲಿರುವ ಪ್ರಮಾಣವಚನದ ಬದಲಾವಣೆಯು ಅವುಗಳಲ್ಲಿ ಕೊನೆಯದು.

ಪಾಟ್‌ಲ್ಯಾಚ್ ನಿಷೇಧವನ್ನು 1951ರಲ್ಲಿ ಕಾನೂನಿನಿಂದ ಕೈಬಿಟ್ಟರು. ವಸ್ತುಗಳನ್ನು ಹಿಂತಿರುಗಿಸಲು ಸಂಗ್ರಹಾಲಯ ಕಟ್ಟಬೇಕೆಂಬ ಷರತ್ತು ಬಂದಾಗ ಆ ಜನರು ಅದನ್ನೂ ಕಟ್ಟಿದರು. ಉಮಿಸ್ತಾ 1980ರಲ್ಲಿ ಬಾಗಿಲು ತೆರೆಯಿತು. ಪಾಟ್‌ಲ್ಯಾಚಿನಲ್ಲಿ ಬರುವ ಕ್ರಮದಲ್ಲಿಯೇ, ಗಾಜಿನ ಪೆಟ್ಟಿಗೆಯೊಳಗೆ ಇಡದೆ, ಅವರು ಮುಖವಾಡಗಳನ್ನು ಜೋಡಿಸಿದ್ದಾರೆ. ಅಷ್ಟು ಕಾಲ ಬೀಗದೊಳಗಿದ್ದವನ್ನು ಮತ್ತೆ ಕೂಡಿಹಾಕಬಾರದೆಂಬ ಆ ನಿರ್ಧಾರ ನನಗೆ ತುಂಬ ಘನವಾದುದೆನಿಸುತ್ತದೆ. ಪಕ್ಕದಲ್ಲಿದ್ದ ಶಾಲೆಯ ಇಟ್ಟಿಗೆಯ ಕಟ್ಟಡವನ್ನು 2015ರಲ್ಲಿ ಕೆಡವಿದರು.

ಇದು ಮುಗಿದ ಕಥೆಯೆಂದು ಭಾವಿಸಬೇಡ. ಇದೆಲ್ಲ ನಡೆದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಬಹುಪಾಲು ನೆಲವನ್ನು ಮೂಲನಿವಾಸಿಗಳು ಯಾವ ಒಪ್ಪಂದದಲ್ಲಿಯೂ ಬಿಟ್ಟುಕೊಟ್ಟಿಲ್ಲ. 1987ರಲ್ಲಿ ವಿಚಾರಣೆ ಆರಂಭವಾದ ಡೆಲ್ಗಮೂಕ್ ಎಂಬ ಭೂಹಕ್ಕಿನ ಮೊಕದ್ದಮೆಯಲ್ಲಿ ಗಿಟ್‌ಕ್ಸಾನ್ ಎಂಬ ಮೂಲನಿವಾಸಿ ಜನರ ಹಿರಿಯರಾದ ಮೇರಿ ಜಾನ್ಸನ್ ತಮ್ಮ ನೆಲದ ಹಕ್ಕಿಗೆ ಸಾಕ್ಷ್ಯವಾಗಿ ಮನೆತನದ ಹಾಡನ್ನು ಹಾಡಲು ಮುಂದಾದಾಗ, ತನಗೆ ಸಂಗೀತದ ಕಿವಿಯಿಲ್ಲ, ಹಾಡಿ ಪ್ರಯೋಜನವಿಲ್ಲ ಎಂಬರ್ಥದಲ್ಲಿ ನ್ಯಾಯಾಧೀಶರು ಹೇಳಿದರು. ಆಕೆ ಹಾಡಿಯೇ ಹಾಡಿದರು. 1997ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಬಾಯಿಂದ ಬಾಯಿಗೆ ಬಂದ ಇತಿಹಾಸಕ್ಕೂ ಸಾಕ್ಷ್ಯದ ತೂಕ ಕೊಡಬೇಕೆಂದು ತೀರ್ಪಿತ್ತು ಹೊಸ ವಿಚಾರಣೆಗೆ ಆದೇಶಿಸಿತು. 2024ರಲ್ಲಿ ಪ್ರಾಂತೀಯ ಸರ್ಕಾರವು ಹೈದಾ ಗ್ವಾಯ್ ದ್ವೀಪಗಳ ಮೇಲೆ ಅಲ್ಲಿನ ಮೂಲನಿವಾಸಿಗಳಾದ ಹೈದಾ ಜನರ ಒಡೆತನವನ್ನು ಒಪ್ಪಿಕೊಂಡಿತು. ಆದರೂ ಎಷ್ಟೋ ಕಡೆ, ವಂಶಪಾರಂಪರ್ಯದ ಮುಖಂಡರ ಅಧಿಕಾರವೆಲ್ಲಿ, ಇಂಡಿಯನ್ ಕಾಯ್ದೆಯಡಿ ಚುನಾಯಿತವಾದ ಮಂಡಳಿಯ ಅಧಿಕಾರವೆಲ್ಲಿ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಇಂಥ ವಿಷಯಗಳಲ್ಲಿ ಮತ ಹಾಕುವ ಹಕ್ಕು ಇನ್ನು ಮುಂದೆ ನಿನಗೂ ಇರುತ್ತದೆ. ಆಯೋಗದ 94 ಶಿಫಾರಸುಗಳನ್ನು ಒಂದು ಭಾನುವಾರ ಕುಳಿತು ಓದು; ಯಾವುದು ಜಾರಿಯಾಗಿದೆ, ಯಾವುದು ಆಗಿಲ್ಲ ಎಂದು ನೋಡಿ ನನಗೆ ಬರೆ.

ನಿನ್ನ ಅಮ್ಮ