ಪೋಷಕರಿಗೆ ಪತ್ರ: ಏಳನೇ ತರಗತಿಯ ಜಗಳ ಮತ್ತು ಆಮೇಲಿನ ಮಾತುಗಳು

ಪ್ರಿಯ ಪೋಷಕರೇ,

ನಮಸ್ಕಾರ. ಹೋದ ವಾರ ಊಟದ ಬಿಡುವಿನಲ್ಲಿ ಏಳನೇ ತರಗತಿಯ ಇಬ್ಬರು ಹುಡುಗರು ಜಗಳ ಆಡಿದ್ದು ನಿಮಗೆಲ್ಲ ಗೊತ್ತಿದೆ. ಕೈ ತೊಳೆಯುವ ನಲ್ಲಿಯ ಹತ್ತಿರ ತಳ್ಳಾಟ ಆಗಿ ಒಬ್ಬನ ತುಟಿ ಒಡೆಯಿತು. ಅವನಿಗೆ ಹೊಲಿಗೆ ಹಾಕಿಸಿ, ಎರಡೂ ಮನೆಯವರನ್ನು ಅವತ್ತೇ ಕರೆಸಿ ಮಾತಾಡಿದ್ದೇವೆ. ತಳ್ಳಿದವನಿಗೆ ಈ ತಿಂಗಳು ಆಟದ ಪೀರಿಯಡ್ ಇಲ್ಲ, ಕೌನ್ಸೆಲರ್ ಹತ್ತಿರವೂ ಹೋಗುತ್ತಿದ್ದಾನೆ. ಪೆಟ್ಟು ತಿಂದ ಮಗುವಿನ ತಾಯಿಗೆ ಸಿಟ್ಟು ಬಂದಿದ್ದು ನ್ಯಾಯವೇ. ಯಾವ ತಾಯಿಗೆ ಬರಲ್ಲ?

ನಾನು ಬರೆಯುತ್ತಿರುವುದು ಆಮೇಲೆ ಆಗಿದ್ದರ ಬಗ್ಗೆ. ಅವತ್ತು ರಾತ್ರಿ ಪೋಷಕರ ವಾಟ್ಸಾಪ್ ಗ್ರೂಪಿಗೆ ತಳ್ಳಿದ ಹುಡುಗನ ಫೋಟೋ ಬಂತು. ಅದರ ಕೆಳಗೆ ‘ರೌಡಿ’, ‘ಪೊರ್ಕಿ’, ‘ಇವತ್ತು ಕ್ಲಾಸಲ್ಲಿ, ನಾಳೆ ಸ್ಟೇಷನ್‌ನಲ್ಲಿ’. ಇಂಥ ಪುಂಡರಿಗೆ ಟಿಸಿ ಕೊಟ್ಟು ಕಳಿಸಿ ಅಂತ ಆಫೀಸಿಗೂ ಪತ್ರ ಬಂದಿದೆ. ಡೈರಿಯಲ್ಲಿ ಇನ್ನು ಮುಂದೆ ಶಿಕ್ಷಕರು ‘ತರಲೆ’, ‘ಪೋಕರಿ’ ಅಂತ ಬರೆಯಬಾರದು, ಮಗು ಏನು ಮಾಡಿತು ಅಂತಷ್ಟೇ ಬರೆಯಬೇಕು ಅನ್ನುವ ಹೊಸ ನಿಯಮಕ್ಕೂ ಬೇಸರ ಇದೆ. ಮೇಡಂ ಜಾಸ್ತಿ ಸಾಫ್ಟ್ ಆಗಿಬಿಟ್ಟರು ಅಂತ ಗೇಟಿನ ಹತ್ತಿರ ಆಡಿಕೊಳ್ಳುವುದು ನನ್ನ ಕಿವಿಗೂ ಬೀಳುತ್ತದೆ.

ಟಿಸಿ ಮಾತು ಬೇಗ ಮುಗಿಸುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಹೊಡೆಯುವಂತಿಲ್ಲ, ಮಾನಸಿಕ ಹಿಂಸೆ ಕೊಡುವಂತಿಲ್ಲ. ಕಾನೂನು ಇಲ್ಲದಿದ್ದರೂ ನಾನು ಕಳಿಸುತ್ತಿರಲಿಲ್ಲ, ಅದು ಬೇರೆ ಮಾತು.

ಇನ್ನು ಬೈಗುಳದ ವಿಷಯ. ತರಲೆ, ತುಂಟ, ಕಿತಾಪತಿ ಇಲ್ಲದ ಮನೆ ಯಾವುದಿದೆ? ಹುಬ್ಬಳ್ಳಿ, ಧಾರವಾಡದ ಕಡೆಯಿಂದ ಬಂದವರ ಮನೆಯಲ್ಲಿ ಅಜ್ಜಿ ಮೊಮ್ಮಗನಿಗೆ ‘ಉಡಾಳ’ ಅಂತ ಬೈದು, ಅದೇ ಕೈಯಲ್ಲಿ ತುತ್ತು ಕೊಡುತ್ತಾರೆ. ಅದಕ್ಕೆ ನನ್ನ ತಕರಾರೇನೂ ಇಲ್ಲ. ಆದರೆ ‘ರೌಡಿ’ ಅನ್ನುವುದು ನಮ್ಮ ಬೆಂಗಳೂರಿನಲ್ಲಿ ಬರೀ ಬೈಗುಳ ಅಲ್ಲ, ಠಾಣೆಯ ಕಡತ. ಒಮ್ಮೆ ರೌಡಿ ಶೀಟ್ ತೆರೆದರೆ ಚುನಾವಣೆ ಬಂದರೂ, ಗಣೇಶ ಹಬ್ಬ ಬಂದರೂ ಪರೇಡ್‌ಗೆ ಕರೆಯುತ್ತಾರೆ. ‘ಗೂಂಡಾ’ ಅಂದರಂತೂ 1985ರ ರಾಜ್ಯದ ಕಾಯ್ದೆಯೇ ಇದೆ, ವಿಚಾರಣೆ ಇಲ್ಲದೆ ಒಂದು ವರ್ಷದವರೆಗೂ ಒಳಗಿಡಬಹುದು. ಅಂಥ ಮಾತು ಹನ್ನೆರಡು ವರ್ಷದ ಹುಡುಗನ ಫೋಟೋ ಕೆಳಗೆ ಯಾಕೆ?

2015ರ ಬಾಲನ್ಯಾಯ ಕಾಯ್ದೆ ಓದಿ ನೋಡಿ. 18 ತುಂಬದ ಮಗು ನಿಜವಾಗಿಯೂ ಅಪರಾಧ ಮಾಡಿ ಸಿಕ್ಕಿಬಿದ್ದರೂ, ಆ ಪ್ರಕರಣದಲ್ಲಿ ಅದಕ್ಕೆ ಕಳಂಕ ಹಚ್ಚುವ ಮಾತು ಬಳಸಬಾರದು. ಹೆಸರು, ಫೋಟೋ ಪತ್ರಿಕೆಯಲ್ಲಿ ಹಾಕುವಂತಿಲ್ಲ. ಪೊಲೀಸರಿಗೇ ಇಷ್ಟು ಕಟ್ಟುಪಾಡು ಇರುವಾಗ, ನಲ್ಲಿ ಹತ್ತಿರ ತಳ್ಳಿದವನಿಗೆ ನಾವು ಅದಕ್ಕಿಂತ ಕಡಿಮೆ ಮರ್ಯಾದೆ ಕೊಡಬೇಕಾ?

ಶಿಸ್ತು ಬೇಡ ಅಂತ ನಾನು ಹೇಳುತ್ತಿಲ್ಲ. ಮತ್ತೆ ಹೇಳುತ್ತೇನೆ, ತಪ್ಪು ಮಾಡಿದವನಿಗೆ ಶಿಕ್ಷೆ ಆಗಿದೆ. ಡೈರಿಯ ಹೊಸ ನಿಯಮ ಕೂಡ ಸಡಿಲ ಅಲ್ಲ, ಬಿಗಿ. ‘ತರಲೆ ಹುಡುಗ, ಬುದ್ಧಿ ಹೇಳಿ’ ಅಂತ ಬರೆದು ಕಳಿಸಿದರೆ ನೀವು ಸಂಜೆ ಏನಂತ ಕೇಳುತ್ತೀರಿ? ‘ಎರಡನೇ ಪೀರಿಯಡ್‌ನಲ್ಲಿ ಪಕ್ಕದವಳ ಜಾಮಿಟ್ರಿ ಬಾಕ್ಸ್ ಕಿಟಕಿಯಿಂದ ಎಸೆದ’ ಅಂತ ಬರೆದರೆ ಅವನು ನುಣುಚಿಕೊಳ್ಳುವುದಕ್ಕೆ ಜಾಗವೇ ಇಲ್ಲ. ಶಿಕ್ಷಕರಿಗೂ ಸುಮ್ನೆ ಒಂದು ಪದ ಗೀಚಿ ಕೈ ತೊಳೆದುಕೊಳ್ಳಲು ಆಗಲ್ಲ. ಅವರಲ್ಲೂ ಕೆಲವರಿಗೆ ಇದು ಇಷ್ಟವಿಲ್ಲ ಅನ್ನುವುದು ನನಗೆ ಗೊತ್ತು.

ಮಕ್ಕಳು ನಮ್ಮ ಫೋನ್ ನೋಡಲ್ಲ ಅಂದುಕೊಂಡಿದ್ದೀರಾ? ಸೋಮವಾರ ಬೆಳಿಗ್ಗೆ ಅವನನ್ನು ‘ರೌಡಿ’ ಅಂತಲೇ ಕ್ಲಾಸು ಕರೆಯಿತು. ಮೊದಲ ದಿನ ಅತ್ತ. ಗುರುವಾರ ಅವನ ವಿಜ್ಞಾನದ ನೋಟ್‌ಬುಕ್ ನನ್ನ ಮೇಜಿಗೆ ಬಂತು. ಲೇಬಲ್ ಮೇಲೆ ಹೆಸರು, ತರಗತಿ, ಅದರ ಕೆಳಗೆ ಕೆಂಪು ಇಂಕಿನಲ್ಲಿ, ಎರಡು ಗೆರೆ ಎಳೆದು, ‘ರೌಡಿ ಶೀಟರ್’. ಯಾರು ಬರೆದರು ಅಂತ ಕೇಳಿದೆ. ‘ನಾನೇ ಮಿಸ್’ ಅಂದ. ನಗುತ್ತಿದ್ದ. ಈಗ ಚಿಕ್ಕ ತರಗತಿಯ ಹುಡುಗರು ಅವನಿಗೆ ಹೆದರಿ ದಾರಿ ಬಿಡುತ್ತಾರೆ, ಅದು ಅವನಿಗೆ ಹಿಡಿಸಿದೆ. ಜಗಳಕ್ಕಿಂತ ಇದು ನನಗೆ ಜಾಸ್ತಿ ಚಿಂತೆ.

ನಿಮ್ಮ ಕೋಪ ತಪ್ಪು ಅಂತ ಅಲ್ಲ. ಕೋಪ ಬಂದರೆ ಶಾಲೆಗೆ ಬನ್ನಿ, ನನ್ನನ್ನೇ ಬೈಯಿರಿ, ಕೇಳಿಸಿಕೊಳ್ಳುತ್ತೇನೆ. ಮಗುವನ್ನು ಬೇಡ.

ದಯವಿಟ್ಟು ಆ ಫೋಟೋ ಮತ್ತು ಮೆಸೇಜುಗಳನ್ನು ಅಳಿಸಿಬಿಡಿ.

ಸೋಮವಾರದಿಂದ ಊಟದ ಬಿಡುವಿನಲ್ಲಿ ನಲ್ಲಿಗಳ ಹತ್ತಿರ ಒಬ್ಬರು ಶಿಕ್ಷಕರು ನಿಂತಿರುತ್ತಾರೆ. ಈ ಶನಿವಾರ ಬೆಳಿಗ್ಗೆ 10.30ಕ್ಕೆ ಏಳನೇ ತರಗತಿಯ ಪೋಷಕರ ಸಭೆ ಇದೆ. ಗಾಡಿಗಳನ್ನು ಗೇಟಿನ ಮುಂದೆ ನಿಲ್ಲಿಸಬೇಡಿ, ಪಕ್ಕದ ಮನೆಯವರು ಮತ್ತೆ ದೂರು ಕೊಟ್ಟಿದ್ದಾರೆ.

ಇಂತಿ,
ಮುಖ್ಯ ಶಿಕ್ಷಕಿ