ಪುಟ್ಟಿಗೆ, ಮಿಠಾಯಿ ಫ್ಯಾಕ್ಟರಿ ನೋಡಿ ಬಂದ ಅಮ್ಮನಿಂದ

ಪ್ರೀತಿಯ ಪುಟ್ಟಿ,

ಫ್ಯಾಕ್ಟರಿಯಲ್ಲಿ ತೆಗೆದ ನಮ್ಮ ಫೋಟೊ ನೋಡಿ ತುಂಬಾ ನಕ್ಕೆಯಂತೆ. ನಗು, ನಗು. ಕಾಗದದ ಟೋಪಿ ಹಾಕದಿದ್ದರೆ ಒಳಗೇ ಬಿಡುವುದಿಲ್ಲ ಕಣೆ. ನಿಮ್ಮಪ್ಪನಿಗೆ ಅದು ಚೆನ್ನಾಗಿಯೇ ಒಪ್ಪಿತ್ತು. ನನ್ನ ತುರುಬಿನ ಮೇಲೆ ಮಾತ್ರ ನಿಲ್ಲಲೇ ಇಲ್ಲ.

ನಿನ್ನೆ ನಿಮ್ಮಣ್ಣ ರಜೆ ಹಾಕಿ ನಮ್ಮನ್ನು ಫೇರ್‌ಫೀಲ್ಡ್‌ಗೆ ಕರೆದುಕೊಂಡು ಹೋಗಿದ್ದ. ಸ್ಯಾನ್ ಫ್ರಾನ್ಸಿಸ್ಕೊದಿಂದ ಸ್ಯಾಕ್ರಮೆಂಟೊಗೆ ಹೋಗುವ ದಾರಿಯಲ್ಲಿ ಸಿಗುತ್ತದೆ, ಜೆಲ್ಲಿ ಬೀನ್ ಅನ್ನುವ ಕಾಳಿನಂಥ ಮಿಠಾಯಿ ಮಾಡುವ ಜೆಲ್ಲಿ ಬೆಲ್ಲಿ ಫ್ಯಾಕ್ಟರಿ. ಮಹಡಿ ಮೇಲಿನ ಉದ್ದ ಪಡಸಾಲೆಯಲ್ಲಿ ನಡೆಯುತ್ತಾ ಗಾಜಿನಿಂದ ಕೆಳಗೆ ನೋಡಬೇಕು. ತಟ್ಟೆ ತುಂಬ ಕಾರ್ನ್‌ಫ್ಲೋರ್, ಅದರಲ್ಲಿ ಸಣ್ಣ ಸಣ್ಣ ಕುಳಿ, ಕುಳಿಗೆ ಬಿಸಿ ಪಾಕ. ಒಣಗಿದ ಮೇಲೆ ತಿರುಗುವ ದೊಡ್ಡ ಡ್ರಮ್ಮಿಗೆ ಹಾಕುತ್ತಾರೆ. ಅಲ್ಲಿ ಸ್ವಲ್ಪ ಪಾಕ, ಸ್ವಲ್ಪ ಸಕ್ಕರೆ, ಮತ್ತೆ ಪಾಕ. ನೋಡುತ್ತಿದ್ದ ಹಾಗೆ ಪದರ ಕಟ್ಟುತ್ತದೆ. ಸಂಕ್ರಾಂತಿಗೆ ಪಕ್ಕದ ಮನೆಯ ಹುಬ್ಬಳ್ಳಿಯವರು ಕುಸುರೆಳ್ಳು ಮಾಡುತ್ತಾರಲ್ಲ, ಅದೇ ಕೆಲಸ. ಒಂದು ಕಾಳು ತಯಾರಾಗಲು ವಾರಕ್ಕಿಂತ ಜಾಸ್ತಿ ಬೇಕಂತೆ. ನಿಮ್ಮಪ್ಪ ಜೆಲ್ಲಿ ಬೀನ್ ಅಂಟಿಸಿಯೇ ಮಾಡಿದ ರೇಗನ್ ಚಿತ್ರದ ಮುಂದೆ ನಿಂತುಬಿಟ್ಟರು. 1981ರಲ್ಲಿ ರೇಗನ್ ಅಮೆರಿಕದ ಅಧ್ಯಕ್ಷರಾದಾಗ ಅವರ ಬಾವುಟದ ಕೆಂಪು, ಬಿಳಿ ಜೊತೆಗೆ ನೀಲಿಯೂ ಬೇಕು ಅಂತ ಬ್ಲೂಬೆರಿ ರುಚಿಯನ್ನೇ ಹೊಸದಾಗಿ ಮಾಡಿದರಂತೆ.

ಆದರೆ ನಾನು ಬರೆಯಲು ಕೂತದ್ದು ಇದಕ್ಕಲ್ಲ. ರುಚಿ ನೋಡಲು ಕೊಡುವ ಕೌಂಟರಿನಲ್ಲಿ ಒಬ್ಬಾಕೆ ಇದ್ದಳು. ನನ್ನ ವಯಸ್ಸೇ ಇರಬೇಕು. ಬಂದವರನ್ನೆಲ್ಲ ‘ಹನಿ, ಹನಿ’, ಅಂದರೆ ಜೇನೇ, ಅಂತ ಕರೆಯುತ್ತಾಳೆ. ನಾನು ಮೊದಲು, ಇದರಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡುವ ಜೆಲಟಿನ್ ಇದೆಯಾ ಅಂತ ಕೇಳಿದೆ. ಇಲ್ಲ ಅಂದಳು. ಧೈರ್ಯವಾಗಿ ಬಾಯಿಗೆ ಹಾಕಿಕೊಂಡೆ. ಎಷ್ಟು ಹೊಳೆಯುತ್ತದೆ ಅಂತ ನಾನು ಸುಮ್ನೆ ಹೊಗಳಿದ್ದೇ ತಪ್ಪಾಯಿತು. ಕೌಂಟರಿನ ಮೇಲೆ ಬಗ್ಗಿ, ಗುಟ್ಟು ಹೇಳುವವಳ ಹಾಗೆ, ‘ಆ ಹೊಳಪು ಶೆಲ್ಯಾಕ್‌ನದು, ಅದು ಹುಳದಿಂದ ಬರುತ್ತೆ, ಅದೂ ನಿಮ್ಮ ದೇಶದ ಹುಳ’ ಅಂದಳು!

ನುಂಗಲೋ ಉಗುಳಲೋ? ನನ್ನ ಮುಖ ನೋಡಿ ಆಕೆಗೆ ನಗು ತಡೆಯಲಾಗಲಿಲ್ಲ. ‘ಜೇನು ತಿಂತೀರಿ ತಾನೇ? ಅದನ್ನೇನು ಹೂವೇ ಬಾಟಲಿಗೆ ತುಂಬುತ್ತಾ?’ ಅಂತ ನನ್ನನ್ನೇ ಕೇಳಿದಳು. ನಿಮ್ಮಣ್ಣ ಅಷ್ಟರಲ್ಲಿ ಫೋನಿನಲ್ಲಿ ಹುಡುಕಿ, ‘ಅಮ್ಮಾ, ಶೆಲ್ಯಾಕ್ ಅಂದ್ರೆ ಅರಗು. ಚನ್ನಪಟ್ಟಣದ ಗೊಂಬೆಗೆ ಹಚ್ಚೋದು’ ಅಂದ.

ಅರಗಾ! ಮುತ್ತುಗದ ಮರದ ಮೇಲೆ, ಎಲಚಿ ಮರದ ಮೇಲೆ ಹುಳ ಕಟ್ಟುತ್ತದಲ್ಲ, ಅದು. ಜಾರ್ಖಂಡ್ ಕಡೆ ಜಾಸ್ತಿ. ನನಗೆ ಇಂಗ್ಲಿಷ್ ಎಲ್ಲಿಂದ ಬಂತೋ, ಕೈ ತಿರುಗಿಸಿ ತಿರುಗಿಸಿ ಹೇಳಿದೆ: ನಮ್ಮಲ್ಲೂ ಮರದ ತುಂಡು ಹೀಗೇ ಗಿರ್ರನೆ ತಿರುಗುತ್ತೆ, ಅದಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ, ಬಿಸಿಗೆ ಕರಗಿ ಮೆತ್ತಿಕೊಳ್ಳುತ್ತೆ, ಆಮೇಲೆ ತಾಳೆಗರಿಯಲ್ಲಿ ಉಜ್ಜಿ ಹೊಳಪು ಕೊಡ್ತಾರೆ. ನನ್ನ ಮಗಳು ಹಲ್ಲು ಬರುವಾಗ ಅಂಥದೇ ಗಿಲಕಿಯನ್ನು ಆರು ತಿಂಗಳು ಕಚ್ಚಿದಳು, ಅಂದೆ.

‘ಹಾಗಾದರೆ ನಿಮ್ಮ ಮಗಳು ನಮ್ಮ ಹಳೇ ಗಿರಾಕಿ!’ ಅಂತ ಟೇಬಲ್ ತಟ್ಟಿ ನಕ್ಕಳು. ಹಿಂದೆ ಸಾಲು ಬೆಳೆಯುತ್ತಿತ್ತು. ಆಕೆಗೆ ಅದರ ಚಿಂತೆಯೇ ಇಲ್ಲ. ಇನ್ನೆರಡು ಕಾಳು ನನ್ನ ಅಂಗೈಗೆ ಹಾಕಿ, ‘ಇದು ಅವಳ ಪಾಲು’ ಅಂದಳು.

ನಿನ್ನ ಪಾಲನ್ನು ಕಾರಿನಲ್ಲೇ ತಿಂದುಬಿಟ್ಟೆ, ಕ್ಷಮಿಸು. ಅದರ ಬದಲಿಗೆ ಬೆಲ್ಲಿ ಫ್ಲಾಪ್ಸ್ ಎರಡು ಚೀಲ ತಂದಿದ್ದೇನೆ. ಸೊಟ್ಟಗಾದವು, ಒಂದಕ್ಕೊಂದು ಅಂಟಿಕೊಂಡವು, ಎಲ್ಲ ಸೇರಿಸಿ ಮಾರುತ್ತಾರೆ. ನಿಮ್ಮಪ್ಪನ ಶುಗರ್ ನಿನಗೆ ಗೊತ್ತಲ್ಲ, ಸೂಟ್‌ಕೇಸಿಗೆ ಹಾಕಿ ಬೀಗ ಜಡಿದಿದ್ದೇನೆ.

ಪರೀಕ್ಷೆ ಮುಗಿದ ಮೇಲೆ ಅಟ್ಟದ ಟ್ರಂಕ್ ತೆಗೆದು ನೋಡು. ನಿನ್ನ ಹಳದಿ ಗಿಲಕಿ ಹಳೇ ರೇಷ್ಮೆ ಸೀರೆಯೊಳಗೆ ಸುತ್ತಿಟ್ಟಿದೆ. ಹಲ್ಲಿನ ಗುರುತು ಕಾಣುವ ಹಾಗೆ ಒಂದು ಫೋಟೊ ತೆಗೆದು ಕಳಿಸು.

ನಿನ್ನ
ಅಮ್ಮ